ಪಾದದ ಶಸ್ತ್ರವೈದ್ಯರಾಗಲು ಯಾವ ದಾರಿ? ಹಾಸನ, ಚಿಕ್ಕಮಗಳೂರಿನಿಂದ ಹೊರಡುವವರಿಗೊಂದು ಹೋಲಿಕೆ

ಎಂ.ಬಿ.ಬಿ.ಎಸ್. ಓದಿನ ಕೊನೆಯ ಹೌಸ್ ಸರ್ಜನ್ಸಿ (ಇಂಟರ್ನ್‌ಶಿಪ್) ಮುಗಿಯುವ ತಿಂಗಳು ಹತ್ತಿರವಾದಂತೆ ನನ್ನಲ್ಲಿಗೆ ಬರುವ ಕಿರಿಯ ವೈದ್ಯರ ಪ್ರಶ್ನೆಗಳು ಪ್ರತಿವರ್ಷವೂ ಹೆಚ್ಚುಕಡಿಮೆ ಒಂದೇ ಬಗೆಯವು. ಮೂಳೆ ವಿಭಾಗವನ್ನೇ ಹಿಡಿಯಬೇಕೆಂದು ಅವರಲ್ಲಿ ಕೆಲವರು ನಿಶ್ಚಯಿಸಿರುತ್ತಾರೆ. ಆದರೆ ಮೊಣಕಾಲು, ಸೊಂಟದ ಕೀಲು ಬದಲಿಸುವವರ ಸಾಲು ಈಗಾಗಲೇ ಉದ್ದವಾಗಿರುವುದರಿಂದ, ಆಸ್ಪತ್ರೆಯ ಮಾತಿನಲ್ಲಿ ‘ಫುಟ್ ಅಂಡ್ ಆಂಕಲ್’ ಎನಿಸಿಕೊಂಡಿರುವ ಪಾದ ಮತ್ತು ಗಿಣ್ಣಿನ ಶಸ್ತ್ರಚಿಕಿತ್ಸೆಯತ್ತ ಅವರ ಮನಸ್ಸು ವಾಲಿರುತ್ತದೆ. ವೈದ್ಯಕೀಯ ಕಾಲೇಜಿನ ಸ್ನಾತಕೋತ್ತರ ಪದವಿಯಾದ ಎಂ.ಎಸ್. ಸೀಟಿಗಾಗಿ ಇನ್ನೊಂದು ವರ್ಷ ಕಾಯಬೇಕೆ, ಸಿಕ್ಕಿರುವ ಡಿ.ಎನ್.ಬಿ. (ಆಸ್ಪತ್ರೆಗಳಲ್ಲಿ ನಡೆಯುವ ಸ್ನಾತಕೋತ್ತರ ತರಬೇತಿ) ಸಾಕೆ, ಅದರ ಮೇಲಿನ ವಿಶೇಷ ತರಬೇತಿಯಾದ ಫೆಲೋಶಿಪ್ ಬೆಂಗಳೂರಿನಲ್ಲೋ ಇಂಗ್ಲೆಂಡಿನಲ್ಲೋ, ಪಾದದ ಚಿಕಿತ್ಸೆಗೆಂದೇ ಇರುವ ಅಮೆರಿಕದ ಪೊಡಿಯಾಟ್ರಿ ಎಂಬ ಓದು ಹೇಗೆ ಎಂದು ಕೇಳುತ್ತಾರೆ. ಇತ್ತೀಚೆಗೆ ಪಿಯುಸಿ ಓದುತ್ತಿರುವ ಮಕ್ಕಳ ತಂದೆತಾಯಿಗಳೂ ಇದೇ ಪ್ರಶ್ನೆಗಳನ್ನು ಹೊತ್ತು ಬರತೊಡಗಿದ್ದಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಾಗಿ ಬರೆಯುತ್ತಿದ್ದೇನೆ.

ದಾರಿಗಳನ್ನು ತೂಗುವ ಮೊದಲು ತಕ್ಕಡಿ ಸರಿಯಿರಬೇಕು. ನಾನು ಐದು ಅಂಶಗಳನ್ನು ನೋಡುತ್ತೇನೆ: ತರಬೇತಿ ಮುಗಿದ ಮೇಲೆ ನೀವು ಯಾವ ಊರಿನಲ್ಲಿ ಕೆಲಸ ಮಾಡಲಿದ್ದೀರಿ, ತರಬೇತಿಯಲ್ಲಿ ನಿಮ್ಮ ಕೈಯಾರೆ ಮಾಡಲು ಸಿಗುವ ಆಪರೇಷನ್‌ಗಳೆಷ್ಟು, ಒಟ್ಟು ಎಷ್ಟು ವರ್ಷ ಹಿಡಿಯುತ್ತದೆ, ಎಷ್ಟು ಹಣ ಬೇಕಾಗುತ್ತದೆ, ಕೊನೆಗೆ ಕೈಗೆ ಬರುವ ಪ್ರಮಾಣಪತ್ರಕ್ಕೆ ನಮ್ಮ ದೇಶದಲ್ಲಿ ಎಷ್ಟು ಬೆಲೆ. ಹೆಚ್ಚಿನವರು ಈ ಪಟ್ಟಿಯನ್ನು ತಲೆಕೆಳಗಾಗಿ ಓದುತ್ತಾರೆ. ಮೊದಲು ಪ್ರಮಾಣಪತ್ರ, ಕೊನೆಗೆ ಊರು. ಊರನ್ನು ಮೊದಲು ನಿಶ್ಚಯಿಸಿಕೊಂಡವರೇ ಉಳಿದ ನಾಲ್ಕನ್ನೂ ಸರಿಯಾಗಿ ಆಯ್ದುಕೊಂಡಿದ್ದನ್ನು ನಾನು ನೋಡಿದ್ದೇನೆ.

ಊರಿಗೆ ಇಷ್ಟು ಮಹತ್ವ ಏಕೆಂದರೆ, ಪಾದವೆಲ್ಲ ಒಂದೇ ಆದರೂ ಪಾದದ ಕಾಯಿಲೆಗಳು ಊರಿಂದೂರಿಗೆ ಬೇರೆ. ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಯ ಪಾದದ ಒಪಿಡಿಯಲ್ಲಿ ಹೆಬ್ಬೆರಳ ಬುಡ ಹೊರಚಾಚಿದವರು, ಆಟವಾಡುವಾಗ ಲಿಗಮೆಂಟ್ ಹರಿದುಕೊಂಡವರು, ಓಡುವ ಹವ್ಯಾಸದಿಂದ ಹಿಮ್ಮಡಿ ನೋವು ತಂದುಕೊಂಡವರು ಹೆಚ್ಚು. ನಮ್ಮ ಹಾಸನ, ಚಿಕ್ಕಮಗಳೂರಿನ ಕಡೆ ಮೆಣಸು ಕೊಯ್ಯುವಾಗ ಏಣಿಯಿಂದ ಜಾರಿದವರು, ಮಳೆಗಾಲಕ್ಕೆ ಮುಂಚಿನ ಮರಗಸಿ (ತೋಟದ ನೆರಳುಮರಗಳ ಕೊಂಬೆ ಸವರುವ) ಕೆಲಸದಲ್ಲಿ ಸಿಲ್ವರ್ ಓಕ್‌ನಿಂದ ಬಿದ್ದವರು, ಅರಸೀಕೆರೆ ಕಡೆಯಿಂದ ತೆಂಗಿನ ಮರ ಹತ್ತಿ ಬಿದ್ದವರು, ಬೈಕಿನ ಹಿಂದೆ ಕೂತು ಚಕ್ರದ ಕಡ್ಡಿಗೆ ಹಿಮ್ಮಡಿ ಸಿಕ್ಕಿಸಿಕೊಂಡ ಮಕ್ಕಳು, ಹುಟ್ಟಿನಿಂದಲೇ ಪಾದ ಸೊಟ್ಟಗಿರುವ ಕೂಸುಗಳು, ಇವರೆಲ್ಲರಿಗಿಂತ ಹೆಚ್ಚಾಗಿ ಸಕ್ಕರೆ ಕಾಯಿಲೆಯಿಂದ ಅಂಗಾಲಿನಲ್ಲಿ ಹುಣ್ಣಾದವರು ಬರುತ್ತಾರೆ. ‘ಉಳುಕು’ ಎಂದು ತಿಳಿದು ಎಣ್ಣೆ ತಿಕ್ಕಿಸಿಕೊಂಡು, ಕಟ್ಟು ಹಾಕಿಸಿಕೊಂಡು, ಆರು ವಾರ ಕಳೆದ ಮೇಲೆ ಬರುವ ಗಿಣ್ಣಿನ ಮುರಿತಗಳದ್ದೇ ಒಂದು ಪ್ರತ್ಯೇಕ ಗುಂಪು. ಮೊದಲ ಒಪಿಡಿಗೆ ತರಬೇತಾದ ಕೈ ಎರಡನೆಯದರಲ್ಲಿ ಬಹಳಷ್ಟು ಸಲ ಖಾಲಿ ಕೂರಬೇಕಾಗುತ್ತದೆ, ಇಲ್ಲವೇ ಹೊಸದಾಗಿ ಕಲಿಯಬೇಕಾಗುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಫೆಬ್ರವರಿಯ ಒಂದು ಸಂಜೆ ಸಕಲೇಶಪುರದ ಕಡೆಯ ತೋಟವೊಂದರಿಂದ ಕಾರ್ಮಿಕರೊಬ್ಬರನ್ನು ಕರೆತಂದರು. ಒಂಟಿ ಬಿದಿರಿನ ಏಣಿ ಜಾರಿ ನೆಟ್ಟಗೆ ನಿಂತಂತೆಯೇ ಕೆಳಗೆ ಬಿದ್ದಿದ್ದರು. ಎರಡೂ ಹಿಮ್ಮಡಿ ಊದಿ, ಚರ್ಮ ಹೊಳೆಯುತ್ತ, ಬದಿಯಲ್ಲಿ ನೀರುಬೊಬ್ಬೆ ಎದ್ದಿತ್ತು. ಹೀಗೆ ಬಿದ್ದವರ ಸೊಂಟದ ಬೆನ್ನುಮೂಳೆಯನ್ನೂ ಎಕ್ಸ್‌ರೇ ಮಾಡಿ ನೋಡಬೇಕು. ಹಿಮ್ಮಡಿ ಮುರಿದ ಪೆಟ್ಟು ಎಷ್ಟೋ ಸಲ ಅಲ್ಲಿಗೂ ತಲುಪಿರುತ್ತದೆ. ಅವರ ಬೆನ್ನು ಸರಿಯಿತ್ತು. ಕಾಲುಗಳನ್ನು ಎತ್ತರಿಸಿಟ್ಟು ಕಾಯಲು ಹೇಳಿದೆ. ನಾಲ್ಕನೆಯ ದಿನಕ್ಕೆ ಅವರ ಮನೆಯಾಕೆ, ‘ಸಾರ್, ಬಂದ ದಿನದಿಂದ ಬರೀ ಮಲಗಿಸಿದ್ದೀರಿ, ಆಪರೇಷನ್ ಯಾವಾಗ?’ ಎಂದು ಕೇಳಿದರು. ಪಾದವನ್ನು ಮೇಲಕ್ಕೆ ಬಗ್ಗಿಸಿದಾಗ ಹಿಮ್ಮಡಿಯ ಹೊರಬದಿಯ ಚರ್ಮದಲ್ಲಿ ಸಣ್ಣ ಸುಕ್ಕುಗಳು ಮೂಡುವವರೆಗೆ ಅಲ್ಲಿ ಕತ್ತಿ ಇಡಬಾರದು; ಅವಸರಪಟ್ಟರೆ ಗಾಯ ಬಿಚ್ಚಿಕೊಂಡು, ಮೂಳೆ ಜೋಡಿಸಲು ಒಳಗಿಟ್ಟ ಲೋಹದ ಪ್ಲೇಟ್ ಕಾಣುತ್ತದೆ. ಹನ್ನೊಂದನೆಯ ದಿನ ಸುಕ್ಕು ಕಂಡಿತು. ಪ್ಲೇಟನ್ನು ಎಲ್ಲಿ ಇಡಬೇಕೆಂಬುದನ್ನು ಪುಸ್ತಕದಿಂದಲೂ ಕಲಿಯಬಹುದು. ಯಾವಾಗ ಕೈ ಹಾಕಬಾರದು ಎಂಬುದನ್ನು ಇಂಥ ಕಾಲುಗಳನ್ನು ದಿನಾಲೂ ಮುಟ್ಟಿ ನೋಡುವ ವಾರ್ಡಿನಲ್ಲಿ ಮಾತ್ರ ಕಲಿಯಲು ಸಾಧ್ಯ. ತರಬೇತಿಯ ಜಾಗವನ್ನು ಅಳೆಯುವಾಗ ಈ ವಾರ್ಡನ್ನು ಮರೆಯಬೇಡಿ.

ಅಡಿಪಾಯ: ಎಂ.ಎಸ್. ಮತ್ತು ಡಿ.ಎನ್.ಬಿ.

ಭಾರತದಲ್ಲಿ ಪಾದದ ಶಸ್ತ್ರವೈದ್ಯರಾಗುವ ರೂಢಿಯ ದಾರಿ ಮೂಳೆ ವಿಭಾಗದ ಮೂಲಕ ಸಾಗುತ್ತದೆ. ನಾಲ್ಕೂವರೆ ವರ್ಷದ ಎಂ.ಬಿ.ಬಿ.ಎಸ್., ಒಂದು ವರ್ಷದ ಇಂಟರ್ನ್‌ಶಿಪ್, ಆಮೇಲೆ ನೀಟ್ ಪಿಜಿ ಪ್ರವೇಶ ಪರೀಕ್ಷೆ ಬರೆದು ಮೂರು ವರ್ಷದ ಎಂ.ಎಸ್. ಅಥವಾ ಡಿ.ಎನ್.ಬಿ., ಅದರ ಮೇಲೆ ಒಂದೆರಡು ವರ್ಷ ಸೀನಿಯರ್ ರೆಸಿಡೆನ್ಸಿ (ಆಸ್ಪತ್ರೆಯಲ್ಲಿ ಹಿರಿಯ ನಿವಾಸಿ ವೈದ್ಯರ ಕೆಲಸ), ಕೊನೆಗೆ ಆರು ತಿಂಗಳಿಂದ ಒಂದು ವರ್ಷದ ಫೆಲೋಶಿಪ್. ಹದಿನೆಂಟಕ್ಕೆ ಹೊರಟವರು ಎಲ್ಲಿಯೂ ಎಡವದಿದ್ದರೆ ಮೂವತ್ತರ ಹೊತ್ತಿಗೆ ಮುಗಿಸುತ್ತಾರೆ. ನೀಟ್‌ಗೆ ಒಂದು ವರ್ಷ ಹೆಚ್ಚಾದರೆ, 2012ರ ಕರ್ನಾಟಕ ಕಾಯ್ದೆಯಂತೆ ವೈದ್ಯರು ಮಾಡಬೇಕಾದ ಕಡ್ಡಾಯ ಸರ್ಕಾರಿ ಸೇವೆಯೂ ಬಂದು ಸೇರಿದರೆ ಮೂವತ್ತೆರಡು ಎಂದಿಟ್ಟುಕೊಳ್ಳಿ. ಆ ಕಾಯ್ದೆಗೆ ತಿದ್ದುಪಡಿಗಳಾಗಿರುವುದರಿಂದ ನಿಮ್ಮ ವರ್ಷಕ್ಕೆ ಅನ್ವಯಿಸುವ ಆದೇಶವನ್ನು ನೀವೇ ಓದಿಕೊಳ್ಳುವುದು ಒಳ್ಳೆಯದು. ಹಾಸ್ಟೆಲಿನಲ್ಲಿ ಹರಿದಾಡುವ ಮಾತನ್ನು ನಂಬಬೇಡಿ.

ಎಂ.ಎಸ್. ದೊಡ್ಡದೋ ಡಿ.ಎನ್.ಬಿ. ದೊಡ್ಡದೋ ಎಂಬ ಚರ್ಚೆಗೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜಿನ ಎಂ.ಎಸ್.ನಲ್ಲಿ ಅಪಘಾತದ ಪ್ರಕರಣಗಳು ಹೇರಳವಾಗಿ ಸಿಗುತ್ತವೆ, ರಾತ್ರಿ ಡ್ಯೂಟಿಯಲ್ಲಿ ಕೈಗೆ ಕೆಲಸ ಬೀಳುತ್ತದೆ, ಶುಲ್ಕ ಕಡಿಮೆ. ಡಿ.ಎನ್.ಬಿ. ನಡೆಯುವ ಆಸ್ಪತ್ರೆಗಳಲ್ಲಿ ಕೆಲವು ಕಲಿಸುವುದರಲ್ಲಿ ಕಾಲೇಜುಗಳನ್ನು ಮೀರಿಸುತ್ತವೆ. ಕೆಲವು ಕಡೆ ರೋಗಿಗಳು ನೇರವಾಗಿ ಹಿರಿಯ ವೈದ್ಯರನ್ನೇ ನಂಬಿ ಬಂದಿರುವುದರಿಂದ ವಿದ್ಯಾರ್ಥಿಯ ಕೈಗೆ ಹೊಲಿಗೆಯಷ್ಟೇ ದಕ್ಕುತ್ತದೆ. ಎರಡಕ್ಕೂ ಮಾನ್ಯತೆಯಿದೆ. ಸರ್ಕಾರಿ ಎಂ.ಎಸ್. ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಸಿಗದಿದ್ದರೆ ಒಳ್ಳೆಯ ಅಪಘಾತ ವಿಭಾಗವಿರುವ ಡಿ.ಎನ್.ಬಿ. ಸೀಟನ್ನು ಬಿಟ್ಟು ಮತ್ತೊಂದು ವರ್ಷ ಓದುತ್ತ ಕೂರಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದುಡಿಯುತ್ತಿರುವ ಸರ್ಕಾರಿ ವೈದ್ಯರಿಗೆ ಸ್ನಾತಕೋತ್ತರ ಸೀಟುಗಳಲ್ಲಿ ಸೇವಾನಿರತರ ಕೋಟಾ ಇದೆ. ಬೇಲೂರು, ಮೂಡಿಗೆರೆ ಕಡೆಯ ಒಂದಿಬ್ಬರು ಇದನ್ನು ಬಳಸಿಕೊಳ್ಳುವುದಿರಲಿ, ವಿಚಾರಿಸಿಯೂ ಇರಲಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿನ ಮಾತು ಬೇರೆ. ಮೂಳೆ ವಿಭಾಗಕ್ಕೆ ಮೂರು ವರ್ಷದ ವೆಚ್ಚ ಕೋಟಿ ರೂಪಾಯಿ ದಾಟುವುದುಂಟು. ತೋಟ ಮಾರಿಯಾದರೂ ಓದಿಸುತ್ತೇವೆ ಎನ್ನುವ ತಂದೆತಾಯಿಗಳಿಗೆ ನಾನು ಹೇಳುವುದಿಷ್ಟು: ಪಾದದ ಶಸ್ತ್ರಚಿಕಿತ್ಸೆ ಸಾಲ ಬೇಗ ತೀರಿಸುವ ವಿಭಾಗವಲ್ಲ. ಅಷ್ಟು ಸಾಲ ಬೆನ್ನಿಗಿದ್ದವರು ಮೊದಲ ಹತ್ತು ವರ್ಷ ಹೆಚ್ಚು ಹಣ ಬರುವ ಆಪರೇಷನ್‌ಗಳ ಹಿಂದೆಯೇ ಓಡಬೇಕಾಗುತ್ತದೆ. ಪಾದ ಹಿಂದೆ ಬೀಳುತ್ತದೆ.

ಫೆಲೋಶಿಪ್: ಇಲ್ಲಿಯೇ ಮಾಡುವುದಾದರೆ

ನಮ್ಮಲ್ಲಿ ಈ ಪರಿಣತಿ ಬರುವುದು ಬಹುಮಟ್ಟಿಗೆ ಫೆಲೋಶಿಪ್‌ಗಳ ಮೂಲಕ. ವಿಶ್ವವಿದ್ಯಾಲಯದ ಮಾನ್ಯತೆಯುಳ್ಳವು, ವೃತ್ತಿಸಂಘಗಳು ಕೊಡುವಂಥವು, ಆಸ್ಪತ್ರೆಗಳು ತಾವೇ ನಡೆಸುವಂಥವು ಎಂದು ಇವು ಹಲವು ಬಗೆ. ಪ್ರಮಾಣಪತ್ರದ ತೂಕದಲ್ಲಿ ಇವುಗಳ ನಡುವೆ ವ್ಯತ್ಯಾಸವಿದೆಯಾದರೂ, ಹಾಸನದ ರೋಗಿ ಬೋರ್ಡಿನ ಮೇಲಿನ ಮೂರನೆಯ ಸಾಲನ್ನು ಓದುವುದಿಲ್ಲ. ಆದ್ದರಿಂದ ಕೈಯಾರೆ ಮಾಡಲು ಸಿಗುವ ಆಪರೇಷನ್‌ಗಳ ಲೆಕ್ಕವೇ ಇಲ್ಲಿ ಮೊದಲನೆಯದು. ನಾನು ಹೋದ ಮಹಾನಗರದ ಆಸ್ಪತ್ರೆಯೊಂದರಲ್ಲಿ ಮೊದಲ ಮೂರು ತಿಂಗಳು ಗಾಯ ಅಗಲಿಸುವ ಕೊಕ್ಕೆ ಹಿಡಿದು ನಿಂತದ್ದೇ ಕೆಲಸ. ಲಾಗ್‌ಬುಕ್ ತುಂಬಿತ್ತು, ಆದರೆ ಪುಟದ ತುಂಬ ‘ಸಹಾಯ ಮಾಡಿದೆ’ ಎಂದಿತ್ತೇ ಹೊರತು ‘ಮಾಡಿದೆ’ ಎಂದಿರಲಿಲ್ಲ. ಅದಕ್ಕಿಂತ ಅರ್ಧ ಹೆಸರಿನ ಇನ್ನೊಂದು ಜಾಗದಲ್ಲಿ ಕಳೆದ ಎಂಟು ವಾರಗಳು ನನಗೆ ಇಂದಿಗೂ ಅನ್ನ ಹಾಕುತ್ತಿವೆ.

ಊರಿಗೆ ಮರಳುವವರು ಫೆಲೋಶಿಪ್ ಅನ್ನು ಎರಡು ಭಾಗವಾಗಿ ಯೋಚಿಸುವುದು ಲೇಸು. ಒಂದು ಭಾಗ ಅಪಘಾತದ್ದು: ಗಿಣ್ಣು, ಹಿಮ್ಮಡಿ, ಪಾದದ ನಡುಭಾಗದ ಮುರಿತಗಳು. ಬೆಂಗಳೂರಿನ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆಚಿಕಿತ್ಸಾ ಸಂಸ್ಥೆಯಂಥ ಕಡೆ ಸೀನಿಯರ್ ರೆಸಿಡೆನ್ಸಿ ಸಿಕ್ಕಿದರೆ ಈ ಭಾಗ ಫೆಲೋಶಿಪ್‌ಗೆ ಮುಂಚೆಯೇ ಮುಕ್ಕಾಲು ಮುಗಿದಿರುತ್ತದೆ. ನಡುಪಾದದ ಲಿಸ್‌ಫ್ರಾಂಕ್ ಕೀಲಿನ ಗಾಯವನ್ನು ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಕಳೆದುಕೊಳ್ಳುವುದು ಬಹಳ ಸುಲಭ. ರೋಗಿಯನ್ನು ಆ ಕಾಲಿನ ಮೇಲೆ ನಿಲ್ಲಿಸಿ ಇನ್ನೊಂದು ಚಿತ್ರ ತೆಗೆಸುವ ಅಭ್ಯಾಸ ಅಂಥ ಜಾಗದಲ್ಲಿ ಮೈಗೂಡುತ್ತದೆ. ಇನ್ನೊಂದು ಭಾಗ ಸಕ್ಕರೆ ಕಾಯಿಲೆಯ ಪಾದ ಮತ್ತು ಮಕ್ಕಳ ಸೊಟ್ಟ ಪಾದ. ಸೊಟ್ಟ ಪಾದಕ್ಕೆ ಈಗ ದೊಡ್ಡ ಆಪರೇಷನ್ ಬೇಕಿರುವುದು ಅಪರೂಪ: ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಂದರಂತೆ ಐದಾರು ಪ್ಲಾಸ್ಟರ್, ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜುವಿಗೆ ಒಂದು ಸಣ್ಣ ಕೊಯ್ತ, ಆಮೇಲೆ ನಾಲ್ಕೈದು ವರ್ಷದವರೆಗೆ ರಾತ್ರಿ ಹೊತ್ತು ಕಬ್ಬಿಣದ ಪಟ್ಟಿಯ ಬೂಟು. ಇದರಲ್ಲಿ ಕತ್ತಿಗಿಂತ ಬೆರಳಿನ ಕೆಲಸವೇ ಹೆಚ್ಚು, ಬೆರಳಿಗಿಂತ ತಾಯಂದಿರಿಗೆ ತಾಳ್ಮೆಯಿಂದ ವಿವರಿಸುವ ನಾಲಿಗೆಯ ಕೆಲಸ ಹೆಚ್ಚು. ಹಣ ತರುವ ಕೆಲಸವಲ್ಲ, ಆದರೆ ಜಿಲ್ಲೆಯಲ್ಲಿ ನಿಮ್ಮ ಹೆಸರು ನಿಲ್ಲುವುದು ಇದರಿಂದಲೇ.

ಖರ್ಚಿನ ದೃಷ್ಟಿಯಿಂದ ಈ ದಾರಿ ಎಲ್ಲಕ್ಕಿಂತ ಹಗುರ. ಸ್ಟೈಪೆಂಡ್ ಕೈಗೆ ಬರುತ್ತಿರುತ್ತದೆ, ಬೆಂಗಳೂರಿನ ಬಾಡಿಗೆಯೊಂದೇ ನೋವು.

ಇಂಗ್ಲೆಂಡ್

ಇಂಗ್ಲೆಂಡಿನ ಆಕರ್ಷಣೆಗೆ ಕಾರಣವಿದೆ. ಅಲ್ಲಿ ಪಾದ ಮತ್ತು ಗಿಣ್ಣು ಬೇರೂರಿದ ಉಪವಿಭಾಗ, ಕಲಿಕೆ ವ್ಯವಸ್ಥಿತ. ಇಲ್ಲಿಂದ ಹೋಗುವವರಿಗೆ ಎರಡು ಬಾಗಿಲುಗಳಿವೆ, ಅವೆರಡನ್ನೂ ಒಂದೇ ಎಂದು ಭಾವಿಸಿ ಮೋಸಹೋಗುವವರು ಹಲವರು. ಮೊದಲನೆಯದು, ಎಂ.ಎಸ್. ಮುಗಿಸಿಕೊಂಡು, ಎಂ.ಆರ್.ಸಿ.ಎಸ್. ಅಥವಾ ಪ್ಲ್ಯಾಬ್ ಪರೀಕ್ಷೆಯ ಮೂಲಕ ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡು, ಒಂದೆರಡು ವರ್ಷ ಫೆಲೋ ಆಗಿ ದುಡಿದು ಮರಳುವುದು. ಎರಡನೆಯದು, ಎಂ.ಬಿ.ಬಿ.ಎಸ್. ಆದೊಡನೆ ಹೋಗಿ ಅಲ್ಲಿನ ಪೂರ್ತಿ ತರಬೇತಿಯನ್ನೇ ಮಾಡುವುದು: ಎರಡು ವರ್ಷದ ಕೋರ್ ತರಬೇತಿ, ಆರು ವರ್ಷದ ವಿಶೇಷ ತರಬೇತಿ, ಎಫ್.ಆರ್.ಸಿ.ಎಸ್. ಪರೀಕ್ಷೆ, ಅದರ ಮೇಲೆ ಫೆಲೋಶಿಪ್. ಇದಕ್ಕೆ ಸ್ಪರ್ಧೆ ಇತ್ತೀಚಿನ ವರ್ಷಗಳಲ್ಲಿ ವಿಪರೀತವಾಗಿದೆ. ಒಳಗೆ ಸೇರಲು ಕಾಯುವ ವರ್ಷಗಳನ್ನೂ ಕೂಡಿಸಿದರೆ ಮೂವತ್ತರ ದಶಕ ಅದರಲ್ಲೇ ಕಳೆಯುತ್ತದೆ. ಮರಳಿ ಬಂದರೆ ಆ ತಜ್ಞ ಅರ್ಹತೆಗೆ ಇಲ್ಲಿ ಮಾನ್ಯತೆಯಿದೆ: ಇಂಗ್ಲೆಂಡ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ತಜ್ಞರಾಗಿ ಕೆಲಸ ಮಾಡಲು ಅಂಗೀಕೃತವಾದ ಸ್ನಾತಕೋತ್ತರ ಅರ್ಹತೆಗಳನ್ನು ಭಾರತವೂ ಒಪ್ಪುತ್ತದೆ. ಆದರೆ ಅಷ್ಟು ಹೊತ್ತಿಗೆ ಮಕ್ಕಳು ಅಲ್ಲಿನ ಶಾಲೆಗೆ ಹೋಗುತ್ತಿರುತ್ತಾರೆ. ಮರಳುವ ಮಾತು ಹಬ್ಬದ ದಿನದ ವಿಡಿಯೋ ಕರೆಯಲ್ಲಷ್ಟೇ ಉಳಿಯುತ್ತದೆ.

ಮೊದಲ ಬಾಗಿಲಿನಿಂದ ಹೋಗಿ ಬರುವುದು ಬೆಂಗಳೂರು, ಮಂಗಳೂರು, ಮೈಸೂರಿನಲ್ಲಿ ನೆಲೆಸುವವರಿಗೆ ಒಳ್ಳೆಯ ಹೂಡಿಕೆ. ಗಿಣ್ಣಿನ ಕೀಲು ಬದಲಾವಣೆ, ಆರ್ತ್ರೋಸ್ಕೋಪಿ (ಕೀಲಿನೊಳಗೆ ದುರ್ಬೀನು ಹಾಕಿ ಮಾಡುವ ಚಿಕಿತ್ಸೆ), ಸಣ್ಣ ರಂಧ್ರದ ಹೆಬ್ಬೆರಳಿನ ಆಪರೇಷನ್ ಅಲ್ಲಿ ಚೆನ್ನಾಗಿ ಕಲಿಯಲು ಸಿಗುತ್ತದೆ. ಹಾಸನಕ್ಕೆ ಮರಳುವವರು ಮಾತ್ರ ಲೆಕ್ಕ ಹಾಕಿ ನೋಡಬೇಕು. ಮೊಣಕಾಲಿನ ಸವೆತ ಬಹುಪಾಲು ವಯಸ್ಸಿನಿಂದ ಬಂದರೆ, ಗಿಣ್ಣಿನ ಸವೆತ ಬಹುಪಾಲು ಹಳೆಯ ಪೆಟ್ಟಿನಿಂದ ಬರುತ್ತದೆ. ಅರಕಲಗೂಡಿನ ಕಡೆಯ, ದಿನವಿಡೀ ಹೊಲದಲ್ಲಿ ನಿಲ್ಲುವ, ಮೂಟೆ ಹೊರುವ ನಲವತ್ತೈದರ ರೈತನಿಗೆ ಕೃತಕ ಕೀಲಿಗಿಂತ ಎರಡು ಮೂರು ಸ್ಕ್ರೂ ಹಾಕಿ ಕೀಲನ್ನು ಬೆಸೆಯುವುದೇ ಸರಿಯಾದ ಚಿಕಿತ್ಸೆ. ಬೆಸೆದ ಮೇಲೆ ಕುಕ್ಕರುಗಾಲಲ್ಲಿ ಕೂರುವುದು ಕಷ್ಟವಾಗುತ್ತದೆಂದು ಮೊದಲೇ ಹೇಳಿರಬೇಕು, ಆದರೆ ನೋವಿಲ್ಲದೆ ದುಡಿಯಬಲ್ಲ. ಇದನ್ನು ಕಲಿಯಲು ಕಡಲು ದಾಟಬೇಕಿಲ್ಲ.

ಅಮೆರಿಕ ಮತ್ತು ಪೊಡಿಯಾಟ್ರಿ

ಅಮೆರಿಕದಲ್ಲಿ ಮೂಳೆ ವಿಭಾಗದ ರೆಸಿಡೆನ್ಸಿ ಐದು ವರ್ಷ, ಫೆಲೋಶಿಪ್ ಒಂದು ವರ್ಷ, ಹೊರದೇಶದಲ್ಲಿ ಎಂ.ಬಿ.ಬಿ.ಎಸ್. ಓದಿದವರಿಗೆ ಆ ರೆಸಿಡೆನ್ಸಿ ದಕ್ಕುವುದು ತೀರ ವಿರಳ. ಇದನ್ನರಿತ ಕೆಲವರಿಗೆ ಡಿ.ಪಿ.ಎಂ. ಎಂಬ ಪೊಡಿಯಾಟ್ರಿ ಪದವಿ ಸುಲಭದ ದಾರಿಯಾಗಿ ಕಾಣುತ್ತದೆ: ಪದವಿಯ ನಂತರ ನಾಲ್ಕು ವರ್ಷದ ಓದು, ಮೂರು ವರ್ಷದ ರೆಸಿಡೆನ್ಸಿ, ಅಲ್ಲಿ ಪಾದದ ಆಪರೇಷನ್ ಮಾಡುವ ಪರವಾನಗಿ. ಅಲ್ಲಿಯೇ ನೆಲೆಸುವವರಿಗೆ ಇದು ಗೌರವದ ವೃತ್ತಿಯೇ ಸರಿ. ಆದರೆ ಡಿ.ಪಿ.ಎಂ. ಎಂ.ಬಿ.ಬಿ.ಎಸ್.ಗೆ ಸಮವಲ್ಲ, ಅದನ್ನು ಹಿಡಿದು ಬಂದವರಿಗೆ ಇಲ್ಲಿ ವೈದ್ಯರಾಗಿ ನೋಂದಣಿಯಿಲ್ಲ, ಕತ್ತಿ ಹಿಡಿಯುವ ಹಕ್ಕೂ ಇಲ್ಲ. ಡಾಲರ್‌ಗಳಲ್ಲಿ ನಾಲ್ಕು ವರ್ಷದ ಶುಲ್ಕ ತೆತ್ತ ಮೇಲೆ ಇದು ತಿಳಿದರೆ ಪ್ರಯೋಜನವಿಲ್ಲ. ಪಿಯುಸಿ ಮಗಳನ್ನು ಕರೆತಂದು ಈ ಪ್ರಶ್ನೆ ಕೇಳುವ ತಂದೆತಾಯಿಗಳಿಗೆ ನಾನು ತಿರುಗಿ ಕೇಳುವುದು ಒಂದೇ: ಮಗಳು ಅಲ್ಲಿಯೇ ಉಳಿಯುವುದಕ್ಕೆ ನೀವು ಸಿದ್ಧರಿದ್ದೀರಾ?

ಜನರಲ್ ಸರ್ಜರಿಯ ಬಾಗಿಲು

ಇದನ್ನು ಯಾರೂ ಕೇಳುವುದಿಲ್ಲ, ಆದರೆ ಜಿಲ್ಲೆಯ ಮಟ್ಟಿಗೆ ಇದು ಗಟ್ಟಿಯಾದ ಆಯ್ಕೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಹತ್ತು ಕೋಟಿಗೂ ಹೆಚ್ಚು. ಅವರ ಕೊಳೆತ ಬೆರಳು, ಕೀವು ತುಂಬಿದ ಅಂಗಾಲು ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಬರುವುದು ಮೂಳೆ ವಾರ್ಡಿಗಲ್ಲ, ಸರ್ಜರಿ ವಾರ್ಡಿಗೆ. ಎಂ.ಎಸ್. ಜನರಲ್ ಸರ್ಜರಿ ಮುಗಿಸಿ ಮಧುಮೇಹ ಪಾದದ ಫೆಲೋಶಿಪ್ ಮಾಡಿದವರು ಚಿಕ್ಕಮಗಳೂರಿನಂಥ ಊರಿನಲ್ಲಿ ಮೊದಲ ದಿನದಿಂದಲೇ ಕೈತುಂಬ ಕೆಲಸವಿರುವವರು. ಕೊಳೆತ ಭಾಗ ತೆಗೆಯುವುದು, ಚರ್ಮ ಕಸಿ, ಎಷ್ಟು ಉಳಿಸಬಹುದೋ ಅಷ್ಟು ಉಳಿಸಿ ಬೆರಳು ತೆಗೆಯುವುದು ಅವರ ವ್ಯಾಪ್ತಿಯಲ್ಲಿದೆ. ಕುಸಿದ ಪಾದವನ್ನು ಮೂಳೆ ಜೋಡಿಸಿ ನಿಲ್ಲಿಸುವುದು ಅವರ ವ್ಯಾಪ್ತಿಯಲ್ಲಿಲ್ಲ. ಈ ಗಡಿಯೇ ಈ ದಾರಿಯ ಕೊರತೆ.

ಯಾವ ದಾರಿಯಲ್ಲಿ ಬಂದರೂ ತಿಳಿದಿರಬೇಕಾದ ಒಂದು ಸೂಕ್ಷ್ಮವಿದೆ. ಸಕ್ಕರೆ ಕಾಯಿಲೆಯವರ ಪಾದ ಬಿಸಿಯಾಗಿ, ಕೆಂಪಾಗಿ, ಊದಿಕೊಂಡು, ಅಷ್ಟೇನೂ ನೋವಿಲ್ಲದೆ ಬಂದರೆ ಅದು ಸೋಂಕೇ ಆಗಿರಬೇಕೆಂದಿಲ್ಲ. ಸ್ಪರ್ಶ ಕಳೆದುಕೊಂಡ ಪಾದದ ಮೂಳೆಗಳು ಪುಡಿಯಾಗುವ ಶಾರ್ಕೋ ಕಾಯಿಲೆಯೂ ಹೀಗೆಯೇ ಕಾಣುತ್ತದೆ. ಕಾಲನ್ನು ಕೆಲವು ನಿಮಿಷ ಮೇಲೆತ್ತಿ ಹಿಡಿದಾಗ ಕೆಂಪು ಇಳಿದರೆ ಶಾರ್ಕೋ ಇರಬಹುದೆಂಬ ಅನುಮಾನ ಬಲವಾಗುತ್ತದೆ. ಅದಕ್ಕೆ ಬೇಕಿರುವುದು ಕತ್ತಿಯಲ್ಲ, ಪ್ಲಾಸ್ಟರ್. ಸ್ಪರ್ಶವಿಲ್ಲದ ಪಾದ ಹುಣ್ಣಾಗುವುದು ರೋಗವೇ ಮಾಂಸವನ್ನು ತಿನ್ನುವುದರಿಂದಲ್ಲ, ನೋವು ತಿಳಿಯದೆ ಅದೇ ಜಾಗಕ್ಕೆ ಮತ್ತೆ ಮತ್ತೆ ಪೆಟ್ಟು ಬೀಳುವುದರಿಂದ ಎಂದು ತೋರಿಸಿಕೊಟ್ಟವರಲ್ಲಿ ಮುಖ್ಯರು ವೆಲ್ಲೂರಿನಲ್ಲಿ ಕುಷ್ಠರೋಗಿಗಳ ನಡುವೆ ದುಡಿದ ಡಾ. ಪಾಲ್ ಬ್ರ್ಯಾಂಡ್. ಹುಟ್ಟಿದ್ದು ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ. ಈ ವಿಭಾಗದ ಮೂಲಪಾಠಗಳಲ್ಲೊಂದು ನಮ್ಮ ನೆರೆಯಲ್ಲೇ ರೂಪುಗೊಂಡಿತು ಎಂಬುದು ವಿದೇಶವೇ ಸರ್ವಸ್ವ ಎನ್ನುವವರಿಗೆ ನೆನಪಿರಲಿ.

ನೀಟ್ ಬರೆಯದೆಯೂ ಪಾದದ ಜೊತೆ ಬದುಕಬಹುದು. ಕೃತಕ ಕಾಲು, ಆಸರೆಯ ಸಾಧನ, ವಿಶೇಷ ಚಪ್ಪಲಿ ತಯಾರಿಸುವುದನ್ನು ಕಲಿಸುವ ಪ್ರಾಸ್ಥೆಟಿಕ್ಸ್ ಅಂಡ್ ಆರ್ಥೊಟಿಕ್ಸ್ ಪದವಿ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷದ್ದು, ನೋಂದಣಿ ಭಾರತೀಯ ಪುನರ್ವಸತಿ ಪರಿಷತ್ತಿನದು. ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆಯಲ್ಲಿ, ಮುಂಬೈ, ಕಟಕ್‌ಗಳ ಕೇಂದ್ರ ಸಂಸ್ಥೆಗಳಲ್ಲಿ ಕಲಿಸುತ್ತಾರೆ. ಆಪರೇಷನ್ ಮಾಡಲಾಗದು, ಆದರೆ ನಾನು ಉಳಿಸಿದ ಪಾದ ಮತ್ತೆ ಹುಣ್ಣಾಗದಂತೆ ಚಪ್ಪಲಿ ಮಾಡಿಕೊಡುವವರನ್ನು ಹುಡುಕಿ ರೋಗಿಗಳನ್ನು ಬೆಂಗಳೂರಿಗೆ ಕಳುಹಿಸುವಾಗಲೆಲ್ಲ ನಮ್ಮೂರಿನ ಒಬ್ಬರಾದರೂ ಇದನ್ನು ಓದಿರಬಾರದಿತ್ತೇ ಎನಿಸುತ್ತದೆ.

ಊರಿಗೆ ಬಂದ ಮೇಲೆ

ಪಾದವೊಂದನ್ನೇ ನಂಬಿ ಹಾಸನದಲ್ಲಿ ಬೋರ್ಡು ಹಾಕಿದರೆ ಮೊದಲ ವರ್ಷಗಳಲ್ಲಿ ಬಾಡಿಗೆ ಹುಟ್ಟುವುದೂ ಕಷ್ಟ. ಸಾಮಾನ್ಯ ಮೂಳೆವೈದ್ಯರಾಗಿ ತೊಡೆಮೂಳೆ, ಮಣಿಕಟ್ಟು ಎಲ್ಲವನ್ನೂ ನೋಡುತ್ತ, ವಾರದಲ್ಲಿ ಒಂದು ಮಧ್ಯಾಹ್ನವನ್ನು ಪಾದಕ್ಕೆಂದು ಮೀಸಲಿಟ್ಟು, ಸುತ್ತಲಿನ ವೈದ್ಯರು ತಮ್ಮ ಕಷ್ಟದ ಪಾದಗಳನ್ನು ಕಳುಹಿಸುವಂತೆ ಆಗಲು ನಾಲ್ಕೈದು ವರ್ಷ ಹಿಡಿಯುತ್ತದೆ. ರೋಗಿಗಳಲ್ಲಿ ಬಹಳ ಮಂದಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದವರು, ಇಲ್ಲವೇ ಸಹಕಾರ ಸಂಘಗಳ ಮೂಲಕ ಯಶಸ್ವಿನಿಗೆ ಸೇರಿದವರು. ಪ್ಯಾಕೇಜಿನ ಮೊತ್ತ ನಿಗದಿಯಾಗಿರುವುದರಿಂದ ದುಬಾರಿ ಪ್ಲೇಟ್ ಬಳಸಿ ಕಲಿತವರು ಪಿನ್ನು, ಸ್ಕ್ರೂಗಳಲ್ಲಿಯೂ ಕೆಲಸ ಸಾಧಿಸಲು ಕಲಿತಿರಬೇಕು. ಇಂಗ್ಲೆಂಡಿನಲ್ಲಿ ಕಲಿಯುವಾಗ ಈ ಲೆಕ್ಕ ಎದುರಾಗುವುದಿಲ್ಲ.

ನನ್ನನ್ನೇ ಕೇಳಿದರೆ, ಊರಿಗೆ ಮರಳುವುದು ಖಚಿತವಾಗಿರುವವರಿಗೆ ಸರ್ಕಾರಿ ಎಂ.ಎಸ್. ಅಥವಾ ಒಳ್ಳೆಯ ಡಿ.ಎನ್.ಬಿ., ಎರಡು ವರ್ಷ ಅಪಘಾತ ವಿಭಾಗ, ಆರು ತಿಂಗಳು ಮಧುಮೇಹ ಪಾದ ಮತ್ತು ಮಕ್ಕಳ ಪಾದ ಎಂದು ಹೇಳುತ್ತೇನೆ. ಮಹಾನಗರದಲ್ಲಿ ಇರುವವರು, ಮೂವತ್ತೆರಡರ ಒಳಗಿರುವವರು, ಸಾಲವಿಲ್ಲದವರು ಅದರ ಮೇಲೆ ಇಂಗ್ಲೆಂಡಿನ ಒಂದು ವರ್ಷವನ್ನು ಸೇರಿಸಿಕೊಳ್ಳಲಿ. ಮೂಳೆ ಸೀಟು ಸಿಗದೆ ಸರ್ಜರಿ ಸಿಕ್ಕವರು ಪಾದದ ಆಸೆ ಬಿಡಬೇಕಿಲ್ಲ.

ಎಲ್ಲಿಯೇ ಸೇರುವುದಿದ್ದರೂ, ಒಪ್ಪಿಗೆ ಪತ್ರ ಕಳುಹಿಸುವ ಮೊದಲು ಹಿಂದಿನ ವರ್ಷ ಅಲ್ಲಿ ಫೆಲೋ ಆಗಿದ್ದವರನ್ನು ಹುಡುಕಿ ಫೋನ್ ಮಾಡಿ. ಮುಖ್ಯಸ್ಥರ ಹೆಸರು, ಕಟ್ಟಡ, ಕ್ಯಾಂಟೀನು ಬೇಡ. ಮೊದಲ ಹಿಮ್ಮಡಿಯನ್ನು ಅವರು ತಾವೇ ತೆರೆದದ್ದು ಎಷ್ಟನೆಯ ತಿಂಗಳಲ್ಲಿ ಎಂದು ಕೇಳಿ. ಗಾಯ ಬಿಚ್ಚಿಕೊಂಡ ರೋಗಿ ಮರಳಿ ಬಂದಾಗ ಡ್ರೆಸಿಂಗ್ ಮಾಡಿದವರು ಯಾರು, ಒಪಿಡಿಯಲ್ಲಿ ಕೂಸುಗಳ ಕಾಲಿಗೆ ಪ್ಲಾಸ್ಟರ್ ಸುತ್ತುವವರು ಯಾರು ಎಂದೂ ಕೇಳಿ. ಈ ಕೊನೆಯ ಎರಡಕ್ಕೂ ‘ನಾನೇ’ ಎಂಬ ಉತ್ತರ ಬಂದರೆ ಟಿಕೆಟ್ ಮಾಡಿಸಿ.